ಒಕ್ಕಲು ಇದ್ದೂ ಕಾಲೊನಿ ಬಂತು

ಪುತ್ತೂರಿನ ಕಡೆ ಒಂದು ಅಡಿಕೆ ತೋಟ. ಜೇನುಪೆಟ್ಟಿಗೆಗಳ ಸಾಲಿನ ಮುಂದೆ ನಿಂತು ಯಜಮಾನರನ್ನು ಕೇಳಿದೆ: “ಒಟ್ಟು ಎಷ್ಟು ಕಾಲೊನಿ ಇವೆ?” ಹಿಂದಿನ ರಾತ್ರಿ ಇಂಗ್ಲಿಷ್ ಪುಸ್ತಕ ಓದಿಕೊಂಡು ಹೋದವನ ಪ್ರಶ್ನೆ ಅದು. ಅವರು ಮುಚ್ಚಳ ಎತ್ತುತ್ತ, “ಕಾಲೊನಿ ಗೀಲೊನಿ ಇಲ್ಲ ಮಾರಾಯ್ರೆ, ಹದಿನಾಲ್ಕು ಕುಟುಂಬ ಉಂಟು. ಮೊನ್ನೆ ಆ ಮೂಲೆಯ ಖಾಲಿ ಪೆಟ್ಟಿಗೆಗೆ ಇನ್ನೊಂದು ತಾನಾಗಿಯೇ ಬಂದು ಒಕ್ಕಲಾಯ್ತು” ಎಂದರು.

‘ಕುಟುಂಬ’ ನನಗೆ ಅರ್ಥವಾಯಿತು. ಒಂದೇ ತಾಯಿಯ ಮಕ್ಕಳು ಸಾವಿರಗಟ್ಟಲೆ ಇರುವ ಮನೆಗೆ ಅದಕ್ಕಿಂತ ಸರಿಯಾದ ಪದ ಸಿಗಲಾರದು. ತಲೆಯಲ್ಲಿ ಉಳಿದದ್ದು ‘ಒಕ್ಕಲಾಯ್ತು’ ಎಂಬ ಮಾತು. ಕಾಲೊನಿಯ ಜಾತಕ ಬಿಡಿಸಿ ನೋಡಿದಾಗ ಅಲ್ಲೂ ಸಿಕ್ಕಿದ್ದು ಒಬ್ಬ ಒಕ್ಕಲಿಗನೇ.

ಲ್ಯಾಟಿನ್ನಿನಲ್ಲಿ ‘ಕೊಲೆರೆ’ ಎಂಬ ಕ್ರಿಯಾಪದವಿದೆ. ಉಳು, ನೆಲೆಸು, ಪೂಜಿಸು – ಮೂರೂ ಅದರ ಅರ್ಥಗಳು. ಉಳುವವನು ‘ಕೊಲೋನಸ್’, ಅಂಥವರು ಹೋಗಿ ನೆಲೆಸಿದ ಊರು ‘ಕೊಲೋನಿಯ’. ಕಲ್ಚರ್, ಅಗ್ರಿಕಲ್ಚರ್, ಕಲ್ಟ್ ಎಲ್ಲ ಇದೇ ಬೇರಿನ ಚಿಗುರುಗಳು. ಇನ್ನೂ ಆಳಕ್ಕಿಳಿದರೆ ಸಿಗುವುದು ಸುತ್ತು, ತಿರುಗು ಎಂಬ ಅರ್ಥದ ಪ್ರಾಚೀನ ಧಾತು. ಸಂಸ್ಕೃತದ ಚಕ್ರ, ಚರ ಎರಡೂ ಅದರ ಕುಡಿಗಳೇ. ಒಂದೇ ತಾಯಿಬೇರು ನಮ್ಮ ಕಡೆ ಅಲೆಯುವವನಿಗೂ ರೋಮಿನ ಕಡೆ ನೆಲೆ ನಿಂತವನಿಗೂ ಹೆಸರು ಕೊಟ್ಟಿದೆ.

ಈಗ ಕನ್ನಡದ ಒಕ್ಕಲನ್ನು ನೋಡಿ. ಒಕ್ಕಲುತನ ಎಂದರೆ ಬೇಸಾಯ. ಕರಾವಳಿಯಲ್ಲಿ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಎನ್ನುತ್ತಾರೆ. ಚಾಮರಾಜನಗರದ ಕಡೆಯ ನನ್ನ ಗೆಳೆಯನ ತಾಯಿ “ನಾವು ಮಂಟೇಸ್ವಾಮಿ ಒಕ್ಕಲು ಕಣಪ್ಪ” ಎಂದಾಗ, ಆ ದೇವರಿಗೆ ನಡೆದುಕೊಳ್ಳುವ ಮನೆತನ ಎಂದರ್ಥ. ಉಳುವುದು, ನೆಲೆಸುವುದು, ನಡೆದುಕೊಳ್ಳುವುದು: ಕೊಲೆರೆಯ ಮೂರೂ ಅರ್ಥ ಇಲ್ಲಿವೆ. ಎರಡು ಪದಗಳ ನಡುವೆ ನೆಂಟಸ್ತಿಕೆ ಏನೂ ಇಲ್ಲ. ಮಣ್ಣಿನ ಜೊತೆ ಬದುಕಿದ ಇಬ್ಬರು ಬೇರೆ ಬೇರೆ ಕಡೆ ಒಂದೇ ಗಂಟು ಕಟ್ಟಿದ್ದಾರೆ, ಅಷ್ಟೆ. ರೋಮಿನ ಕೊಲೋನಸ್ ಮುಂದೆ ಇನ್ನೊಬ್ಬರ ಭೂಮಿಗೆ ಅಂಟಿಕೊಂಡ ಗೇಣಿದಾರನಾದ. ಕ್ರಿ.ಶ. 332ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಹೊರಡಿಸಿದ ಕಾಯಿದೆ, ಓಡಿಹೋಗಲು ಹವಣಿಸುವ ಕೊಲೋನಸ್‌ಗೆ ಸಂಕೋಲೆ ಹಾಕಬಹುದು ಎಂದಿತು. ಧಣಿಯ ಎದುರು ಕೈಕಟ್ಟಿ ನಿಲ್ಲುವ ನಮ್ಮ ಗೇಣಿ ಒಕ್ಕಲಿನ ಪಾಡು ನೆನಪಾಗದೆ ಇರುವುದಿಲ್ಲ.

ರೋಮನ್ನರು ಕೊಲೋನಿಯ ಸ್ಥಾಪಿಸುತ್ತಿದ್ದ ರೀತಿ ಯುಗಾದಿಯ ಹೊನ್ನಾರು ಕಂಡವರಿಗೆ ತೀರ ಅಪರಿಚಿತವೆನಿಸದು. ನೇಗಿಲಿಗೆ ಒಂದು ಹೋರಿ, ಒಂದು ಹಸು. ಹಸು ಊರಿನ ಒಳಮಗ್ಗುಲಿಗೆ. ಹೊಸ ಊರಿನ ಎಲ್ಲೆಯುದ್ದಕ್ಕೂ ಸಾಲು ಹೊಡೆಯುತ್ತ ಬರಬೇಕು. ಎದ್ದ ಮಣ್ಣಿನ ಹೆಂಟೆ ಒಳಕ್ಕೇ ಬೀಳಬೇಕು. ಊರಬಾಗಿಲು ಬರುವ ಜಾಗದಲ್ಲಿ ನೇಗಿಲನ್ನು ಎತ್ತಿ ಹಿಡಿದು ದಾಟಿಸಬೇಕು. ಉತ್ತ ಸಾಲು ಪವಿತ್ರ, ಅದನ್ನು ತುಳಿದು ಓಡಾಡುವ ಹಾಗಿಲ್ಲ. ಆಮೇಲೆ ನೆಲವನ್ನು ಚೌಕ ಚೌಕ ಅಳೆದು, ಸೇನೆಯಿಂದ ನಿವೃತ್ತರಾದ ಸಿಪಾಯಿಗಳಿಗೆ ಹಂಚುತ್ತಿದ್ದರು. ಜರ್ಮನಿಯ ಕೊಲೋನ್ ನಗರ ಹೀಗೆ ಕ್ರಿ.ಶ. 50ರಲ್ಲಿ ಕೊಲೋನಿಯ ಆಯಿತು, ಪದವೇ ಊರ ಹೆಸರಾಗಿ ನಿಂತಿತು. ಹಿಂದೆ ಜ್ವರ ಬಂದರೆ ನಮ್ಮ ಮನೆಗಳಲ್ಲಿ ಹಣೆಯ ಮೇಲೆ ಓಡಿಕೊಲೋನ್ ಪಟ್ಟಿ ಹಾಕುತ್ತಿದ್ದರಲ್ಲ, ಆ ತಣ್ಣನೆಯ ಘಮದಲ್ಲೂ ಇದೇ ಪದ ಇತ್ತು.

ಆದರೆ ಆ ನೆಲ ಅಲ್ಲಿಯವರೆಗೆ ಯಾರದಾಗಿತ್ತು? ಬ್ರಿಟನ್ನಿನ ಕಮುಲೊಡುನಮ್, ಅಂದರೆ ಇಂದಿನ ಕೋಲ್ಚೆಸ್ಟರ್, ಕ್ರಿ.ಶ. 49ರಲ್ಲಿ ಕೊಲೋನಿಯ ಆಯಿತು. ಬಂದ ಸಿಪಾಯಿಗಳು ಅಲ್ಲಿನ ಟ್ರಿನೊವಾಂಟೆಸ್ ಜನರನ್ನು ಮನೆ ಹೊಲಗಳಿಂದ ಓಡಿಸಿದರೆಂದು ಬರೆದವನು ರೋಮಿನ ಇತಿಹಾಸಕಾರ ಟ್ಯಾಸಿಟಸ್ಸೇ. ಹತ್ತು ಹನ್ನೆರಡು ವರ್ಷಗಳಲ್ಲಿ ರಾಣಿ ಬೌಡಿಕಾ ದಂಡು ಕಟ್ಟಿ ಬಂದು ಊರನ್ನೇ ಸುಟ್ಟಳು. ಇವತ್ತಿಗೂ ಅಲ್ಲಿ ಅಡಿಪಾಯ ಅಗೆದರೆ ಸುಟ್ಟ ಮಣ್ಣಿನ ಪದರ ಸಿಗುತ್ತದೆ. ಒಕ್ಕಲಿನ ಬೆನ್ನಿಗೇ ಕನ್ನಡದಲ್ಲಿ ಇನ್ನೊಂದು ಪದವಿದೆ: ಒಕ್ಕಲೆಬ್ಬಿಸು. ಇತಿಹಾಸದ ಕಾಲೊನಿಗೆ ಎರಡೂ ಬೇಕು. ಒಬ್ಬನನ್ನು ಎಬ್ಬಿಸಿದ ಜಾಗದಲ್ಲೇ ಇನ್ನೊಬ್ಬ ಒಕ್ಕಲು.

ಜೀವಶಾಸ್ತ್ರ ಈ ಪದವನ್ನು ಕಡ ತಂದಾಗ ಮೊದಲ ಅರ್ಧವನ್ನಷ್ಟೇ ತಂದಿತು. ಅದನ್ನೂ ಒಂದೇ ಹದದಲ್ಲಿ ಬಳಸಲಿಲ್ಲ. ಹವಳದ ಕಾಲೊನಿಯಲ್ಲಿ ಒಂದು ಜೀವಿಯ ಮೈಯಿಂದ ಇನ್ನೊಂದು ಕುಡಿಯೊಡೆದು ಅಂಟಿಕೊಂಡೇ ಇರುತ್ತದೆ. ಇರುವೆಯ ಕಾಲೊನಿ ಒಂದು ಮನೆತನ. ಕೊಕ್ಕರೆ ಬೆಳ್ಳೂರಿನ ಹುಣಸೆಮರದ ಮೇಲೆ ಹೆಜ್ಜಾರ್ಲೆಗಳು ಗೂಡು ಕಟ್ಟಿದರೆ ಅದೂ ಕಾಲೊನಿಯೇ, ಆದರೆ ಅಲ್ಲಿರುವುದು ಬರೀ ನೆರೆಹೊರೆ. ಆ ಊರಿನವರು ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಕಾಣುತ್ತಾರೆ. ನನಗೆ ವಿಜ್ಞಾನಿಗಳ ಪದಕ್ಕಿಂತ ಅದೇ ಹೆಚ್ಚು ಖಚಿತ ಎನಿಸುತ್ತದೆ.

ಜೇನಿನ ವಿಷಯಕ್ಕೆ ಬಂದರೆ ಇನ್ನೊಂದು ತಮಾಷೆ. ಗ್ರೀಕರು ಹೊಸ ಊರು ಕಟ್ಟಲು ಹೋಗುವಾಗ ತಾಯಿನಗರದ ಒಲೆಯಿಂದ ಬೆಂಕಿ ಒಯ್ಯುತ್ತಿದ್ದರಂತೆ. ತಾಯಿ ಮನೆಯಲ್ಲಿ, ಮಕ್ಕಳು ಸಮುದ್ರದಾಚೆ. ಜೇನು ಕುಟುಂಬ ಪಾಲಾಗುವಾಗ ಗಂಟುಮೂಟೆ ಕಟ್ಟುವವಳು ತಾಯಿ. ಹಳೆಯ ರಾಣಿ ಅರ್ಧದಷ್ಟು ಕೆಲಸಗಾರ್ತಿಯರನ್ನು ಕರೆದುಕೊಂಡು ಹೊರಡುತ್ತದೆ, ತುಪ್ಪ ತುಂಬಿದ ಮನೆ ಮಗಳಿಗೆ. ಹೀಗೆ ಎದ್ದುಹೋದ ದೊರೆಯನ್ನು ಯಾವ ಸಾಮ್ರಾಜ್ಯವೂ ಕಂಡಿರಲಾರದು.

ಪ್ರಯೋಗಾಲಯದ ಕಾಲೊನಿಯನ್ನು ನಾನು ಹತ್ತಿರದಿಂದ ಬಲ್ಲೆ. ಕಾಲೇಜಿನಲ್ಲಿ ತಟ್ಟೆಯನ್ನು ಬೋರಲು ಹಿಡಿದು ಅವನ್ನು ಎಣಿಸುವುದೇ ಕೆಲಸ. ಕೆಲವು ಹಾಲಿನ ಹನಿಯ ಹಾಗೆ ಉಬ್ಬಿ ಹೊಳೆಯುತ್ತಿದ್ದವು, ಕೆಲವು ಒಣಗಿ ಅಂಚು ಸುಕ್ಕುಗಟ್ಟಿದವು. ಎಣಿಸಿದ್ದರ ಕೆಳಗೆ ಮಾರ್ಕರ್ ಪೆನ್ನಿನಿಂದ ಚುಕ್ಕೆ ಇಡಬೇಕು. ಮುನ್ನೂರು ದಾಟಿದರೆ ಆ ತಟ್ಟೆ ಲೆಕ್ಕಕ್ಕಿಲ್ಲ. ಒಂದೊಂದು ಬೊಟ್ಟೂ ಒಂದೇ ಕಣದಿಂದ ಹುಟ್ಟಿದ ಲಕ್ಷಾಂತರ ಬ್ಯಾಕ್ಟೀರಿಯಾ. ಯೂರಿನ್ ಕಲ್ಚರ್ ಮಾಡಿಸಿದವರ ರಿಪೋರ್ಟಿನಲ್ಲಿ ‘ಕಾಲೊನಿ ಕೌಂಟ್’ ಎಂದಿರುತ್ತದೆ. ಕಲ್ಚರ್, ಕಾಲೊನಿ ಎಂಬ ಹಳೆಯ ದಾಯಾದಿಗಳಿಬ್ಬರು ಒಂದೇ ಹಾಳೆಯ ಮೇಲೆ.

ಆ ತಟ್ಟೆಯಲ್ಲಿ ಹೆಪ್ಪುಗಟ್ಟಿರುವುದು ಅಗಾರ್, ಸಿಹಿತಿಂಡಿಗೆ ಬಳಸುವ ಚೀನಾ ಗ್ರಾಸ್. ಮೊದಲು ರಾಬರ್ಟ್ ಕಾಖ್‌ನ ಪ್ರಯೋಗಾಲಯದಲ್ಲಿ ಜೆಲಟಿನ್ ಬಳಸುತ್ತಿದ್ದರು. ಮೈಬಿಸಿಯ ಶಾಖಕ್ಕೇ ಅದು ಕರಗಿಹೋಗುತ್ತಿತ್ತು. 1881ರಲ್ಲಿ ಅಗಾರ್ ಸೂಚಿಸಿದವಳು ಅಲ್ಲಿ ಕೆಲಸ ಮಾಡುತ್ತಿದ್ದ ವೈದ್ಯನ ಹೆಂಡತಿ ಫ್ಯಾನಿ ಹೆಸ್ಸೆ. ಅವಳಿಗೆ ಅದರ ಗುಟ್ಟು ಸಿಕ್ಕಿದ್ದು ಅಡುಗೆಮನೆಯಿಂದ. ಕಲಿಸಿದವರು ಜಾವಾದಲ್ಲಿದ್ದು ಬಂದ ಡಚ್ ನೆರೆಯವರು. ಜಾವಾ ಆಗ ಡಚ್ಚರ ವಸಾಹತು. ‘ಅಗಾರ್’ ಮಲಯ್ ಭಾಷೆಯ ಪದ. ಸೂಕ್ಷ್ಮಜೀವಿಗಳ ಕಾಲೊನಿಗೆ ಬೇಕಾದ ನೆಲವೂ ಮನುಷ್ಯರ ಕಾಲೊನಿಯಿಂದಲೇ ಬಂತು.

ಬಿತ್ತುವ ಮುಂಚೆ ಆ ನೆಲವನ್ನು 121 ಡಿಗ್ರಿ ಹಬೆಯಲ್ಲಿ ಕಾಲು ಗಂಟೆ ಬೇಯಿಸುತ್ತೇವೆ. ಒಂದು ಜೀವವೂ ಉಳಿಯಬಾರದು. ನಿಜವಾಗಿ ಖಾಲಿಯಿರುವ ನೆಲ ಎಂದರೆ ಅದೊಂದೇ. ಹಡಗಿನಲ್ಲಿ ಹೋದವರು ಅಂಥದೇ ಖಾಲಿ ನೆಲ ಸಿಕ್ಕಿತೆಂದು ದಾಖಲೆ ಬರೆದುಕೊಂಡರು. ಆಸ್ಟ್ರೇಲಿಯ ಯಾರದೂ ಆಗಿರಲಿಲ್ಲ ಎಂಬ ಆ ಸುಳ್ಳನ್ನು ಅಲ್ಲಿನ ಹೈಕೋರ್ಟು ತಳ್ಳಿಹಾಕಿದ್ದು 1992ರಲ್ಲಿ, ಎಡ್ಡಿ ಮಾಬೊ ಹೂಡಿದ ಮೊಕದ್ದಮೆಯಲ್ಲಿ.

ನಾವು ಈ ಇತಿಹಾಸದ ಅರ್ಥಕ್ಕೆ ‘ವಸಾಹತು’ ಎಂದೆವು. ಮರಾಠಿಯಲ್ಲೂ ಅದು ‘ವಸಾಹತ್’. ವಸಾಹತುಶಾಹಿ ಎನ್ನುವಾಗ ನಾಲಗೆಯ ಮೇಲೆ ಸಿಟ್ಟಿರುತ್ತದೆ, ‘ಕೈಗಾರಿಕಾ ವಸಾಹತು’ ಎಂಬ ಬೋರ್ಡಿನ ಕೆಳಗೆ ಹಾದುಹೋಗುವಾಗ ಅದು ನೆನಪಿಗೇ ಬರುವುದಿಲ್ಲ. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ, ಸಿಂಧನೂರು ಕಡೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಊರುಗಳಿವೆ. ರೋಮಿನ ಮೂಲ ಅರ್ಥಕ್ಕೆ, ಅಂದರೆ ಹೊಸ ನೆಲಕ್ಕೆ ಹೋಗಿ ಉಳುವವರ ಊರು ಎಂಬುದಕ್ಕೆ, ಕರ್ನಾಟಕದಲ್ಲಿ ತೀರ ಹತ್ತಿರದವು ಅವೇ. ಅವುಗಳ ಹೆಸರು ಮಾತ್ರ ‘ಕ್ಯಾಂಪ್’.

‘ಕಾಲೊನಿ’ ಪದ ಪೇಟೆಯಲ್ಲಿ ರೈಲ್ವೆ ಕಾಲೊನಿ, ಕೆಇಬಿ ಕಾಲೊನಿ ಎಂದು ಸುಖವಾಗಿದೆ. ಹಳ್ಳಿಗೆ ಹೋದದ್ದು ಬೇರೆ ದಾರಿ ಹಿಡಿಯಿತು. ದಲಿತರಿಗೆ ಸರ್ಕಾರ ಊರಾಚೆ ಸಾಲುಮನೆ ಕಟ್ಟಿಸಿದಾಗ ಅದಕ್ಕೆ ಈ ಹೆಸರಿಟ್ಟರು. ಕೇರಿ ಎಂಬ ಹಳೆಯ ಪದದ ಮುಜುಗರ ತಪ್ಪಿಸಲು ಬಂದ ಇಂಗ್ಲಿಷ್ ಪದ ಸ್ವಲ್ಪ ಕಾಲದಲ್ಲೇ ಕೇರಿಯ ಕೆಲಸವನ್ನೇ ಮಾಡತೊಡಗಿತು. ಕೇರಳದಲ್ಲಿ 2024ರ ಜೂನ್‌ನಲ್ಲಿ ಸಚಿವ ಕೆ. ರಾಧಾಕೃಷ್ಣನ್ ಮಂತ್ರಿಗಿರಿ ಬಿಡುವ ದಿನ ಕೊನೆಯದಾಗಿ ಹೊರಡಿಸಿದ ಆದೇಶಗಳಲ್ಲಿ, ಪರಿಶಿಷ್ಟರ ವಾಸಸ್ಥಳಗಳಿಗೆ ‘ಕಾಲೊನಿ’ ಎನ್ನಬಾರದು ಎಂಬುದೂ ಒಂದು.

ಮಂಟೇಸ್ವಾಮಿ ಒಕ್ಕಲಿನ ಆ ಗೆಳೆಯ ಹೈಸ್ಕೂಲಿಗೆ ಸೇರಿದ ಮೊದಲ ದಿನ ಪಕ್ಕದ ಬೆಂಚಿನವನು ಕೇಳಿದ್ದು ಹೆಸರನ್ನಲ್ಲ. ಹಳ್ಳಿಯ ಹೆಸರು ಹೇಳಿದ ಮೇಲೆ ಮತ್ತೂ ಕೇಳಿದನಂತೆ: “ಊರೊಳಗೋ, ಕಾಲೊನಿಯೋ?”

ಇವನು “ಬಸ್‌ಸ್ಟ್ಯಾಂಡ್ ಹತ್ರ” ಅಂದನಂತೆ.