ತಾಳೆಗರಿಯಿಂದ ಹೊಸ ಸಂಶೋಧನೆಯವರೆಗೆ: ಹಿನಕಲ್ ಹಾದಿಯ ವಿದ್ವತ್ ಗ್ರಂಥಗಳು

ಮೈಸೂರು: ಹುಣಸೂರು ರಸ್ತೆಯಲ್ಲಿ ಹಿನಕಲ್ ಮೇಲುಸೇತುವೆ ದಾಟಿ ನಗರದತ್ತ ಹೊರಟರೆ ಕೆಲವೇ ನಿಮಿಷಗಳಲ್ಲಿ ಭಾರತೀಯ ಭಾಷಾ ಸಂಸ್ಥಾನ ಹಾಗೂ ಮಾನಸಗಂಗೋತ್ರಿ ಎದುರಾಗುತ್ತವೆ. ಒಂದು ಕಾಲದಲ್ಲಿ ನಗರದ ಹೊರಗಿನ ಹಳ್ಳಿಯಾಗಿದ್ದ ಹಿನಕಲ್ ಈಗ ಬಡಾವಣೆಗಳ ನಡುವೆ ಸೇರಿಹೋಗಿದೆ. ಆದರೆ ಈ ಹಾದಿಯ ಆಸುಪಾಸಿನಲ್ಲಿ ಸಿದ್ಧವಾದ, ಈ ಸೀಮೆಯನ್ನೇ ಕುರಿತು ಬರೆದ ವಿದ್ವತ್ ಗ್ರಂಥಗಳು ಇಲ್ಲಿನ ಸಾಮಾನ್ಯ ಓದುಗನ ಕೈಗೆ ಎಷ್ಟರಮಟ್ಟಿಗೆ ತಲುಪಿವೆ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಕಲೆ, ಇತಿಹಾಸ, ರಾಜಕೀಯ ಮತ್ತು ಸಂಸ್ಕೃತಿಯನ್ನು ಕುರಿತ ಹೊಸ ಸಂಶೋಧನಾ ಕೃತಿಗಳು ಹೊರಬರುತ್ತಿರುವ ಈ ಹೊತ್ತಿನಲ್ಲಿ ಅವುಗಳ ಹಿನ್ನೆಲೆಯ ಸ್ಥೂಲ ಪರಿಚಯ ಇಲ್ಲಿದೆ.

ವಿದ್ವತ್ ಗ್ರಂಥ ಎಂದರೇನು?

ಒಂದು ವಿಷಯದ ಬಗ್ಗೆ ಮೂಲ ಆಕರಗಳನ್ನು ಪರಿಶೀಲಿಸಿ, ಹಿಂದಿನ ವಿದ್ವಾಂಸರ ಅಭಿಪ್ರಾಯಗಳನ್ನು ಎದುರಿಗಿಟ್ಟುಕೊಂಡು, ತನ್ನ ತೀರ್ಮಾನಕ್ಕೆ ಆಧಾರ ಒದಗಿಸುವ ಕೃತಿಯನ್ನು ವಿದ್ವತ್ ಗ್ರಂಥ ಎನ್ನಬಹುದು. ಶಾಸನ, ಓಲೆಗರಿ, ಕಡತ, ಚಿತ್ರ, ಕ್ಷೇತ್ರಕಾರ್ಯದ ಟಿಪ್ಪಣಿ ಇವೆಲ್ಲವೂ ಆಕರಗಳೇ. ಲೇಖಕನ ಮಾತನ್ನು ಓದುಗನು ಸ್ವತಃ ಪರೀಕ್ಷಿಸಲು ಅನುವಾಗುವಂತೆ ಅಡಿಟಿಪ್ಪಣಿ ಹಾಗೂ ಗ್ರಂಥಸೂಚಿ ಇರುತ್ತವೆ. ಜನಪ್ರಿಯ ಚರಿತ್ರೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಶಾಸನ ಮತ್ತು ಓಲೆಗರಿಯ ಬುನಾದಿ

ಮೈಸೂರು ಸೀಮೆಯ ಆಧುನಿಕ ವಿದ್ವತ್ತಿಗೆ ಬುನಾದಿ ಹಾಕಿದ ಕೆಲಸಗಳಲ್ಲಿ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಪ್ರಮುಖವಾದುದು. 1886ರಲ್ಲಿ ಕೊಡಗಿನ ಶಾಸನಗಳ ಸಂಪುಟದೊಂದಿಗೆ ಆರಂಭವಾದ ಈ ಮಾಲೆಯ ಮೊದಲ 12 ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು ಸೇರಿವೆ. ಊರೂರು ಸುತ್ತಿ, ಗುಡಿಯ ಗೋಡೆ, ಹೊಲದ ಬದು, ಕೆರೆಯ ಏರಿಗಳಲ್ಲಿದ್ದ ಕಲ್ಬರಹಗಳನ್ನು ನಕಲು ಮಾಡಿ ಸಂಗ್ರಹಿಸಿದ ಫಲವಿದು. ಮೈಸೂರು ತಾಲ್ಲೂಕಿನ ಶಾಸನಗಳು ಇದರ ಮೂರನೆಯ ಸಂಪುಟದಲ್ಲಿವೆ. ಮುಂದೆ 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನು ಹೊರತರುವ ಕಾರ್ಯ ಕೈಗೊಂಡಿತು.

ಎರಡನೆಯದು 'ಅರ್ಥಶಾಸ್ತ್ರ'ದ ಶೋಧ. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ (ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ) ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿ ಗ್ರಂಥ ಲಿಪಿಯ ಈ ಕೃತಿ ಇತ್ತು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿ ಅವರು 1905ರಲ್ಲಿ ಇದನ್ನು ಗುರುತಿಸಿದರು. 1909ರಲ್ಲಿ ಸಂಸ್ಕೃತ ಮೂಲವನ್ನೂ, 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅದುವರೆಗೆ ಇತರ ಗ್ರಂಥಗಳ ಉಲ್ಲೇಖಗಳಿಂದಷ್ಟೇ ತಿಳಿದಿದ್ದ ಕೃತಿಯೊಂದು ಪೂರ್ಣರೂಪದಲ್ಲಿ ಲೋಕಕ್ಕೆ ದೊರೆಯಿತು.

ಆ ಓಲೆಗರಿ ಎತ್ತಿದ ಚರ್ಚೆ ಇನ್ನೂ ಮುಗಿದಿಲ್ಲ ಎಂಬುದು ಗಮನಾರ್ಹ. ಕೃತಿಯನ್ನು ಒಬ್ಬನೇ ರಚಿಸಿದನೇ, ಹಲವರೇ ಎಂಬ ಪ್ರಶ್ನೆಯನ್ನು ಥಾಮಸ್ ಟ್ರೌಟ್‌ಮನ್ 1971ರಲ್ಲಿ ಪದಬಳಕೆಯ ಅಂಕಿಸಂಖ್ಯೆಗಳ ಮೂಲಕ ಪರೀಕ್ಷಿಸಿ, ಹಲವರ ಕೈ ಇದೆ ಎಂದು ವಾದಿಸಿದರು. ಪ್ಯಾಟ್ರಿಕ್ ಆಲಿವೆಲ್ ಅವರ ಹೊಸ ಅನುವಾದ 2013ರಲ್ಲಿ ಪ್ರಕಟವಾಯಿತು. ಗ್ರಂಥವು ಹಂತಹಂತವಾಗಿ ಬೆಳೆದ ಬಗೆಯನ್ನು ಚರ್ಚಿಸುವ ಮಾರ್ಕ್ ಮೆಕ್ಲಿಶ್ ಅವರ ಕೃತಿ 2019ರಲ್ಲಿ ಬಂದಿತು. ಮೈಸೂರಿನ ಕಪಾಟಿನಲ್ಲಿ ದೊರೆತ ಒಂದು ಕಟ್ಟು, ಶತಮಾನದ ಬಳಿಕವೂ ಹೊಸ ಪುಸ್ತಕಗಳಿಗೆ ಕಾರಣವಾಗುತ್ತಿದೆ.

ಕನ್ನಡದಲ್ಲಿ ಜ್ಞಾನ: ಮಾನಸಗಂಗೋತ್ರಿಯ ಪಾತ್ರ

1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಿಂದ ಪ್ರಚಾರೋಪನ್ಯಾಸಗಳ ಮೂಲಕ ವಿದ್ವಾಂಸರನ್ನು ಹಳ್ಳಿಪಟ್ಟಣಗಳಿಗೆ ಕಳುಹಿಸಿತು. ಆ ಉಪನ್ಯಾಸಗಳು ಅಗ್ಗದ ಬೆಲೆಯ ಕಿರುಹೊತ್ತಗೆಗಳಾಗಿಯೂ ಹೊರಬಂದವು. ಈ ಪರಂಪರೆಯನ್ನು ಪ್ರಸಾರಾಂಗವು ಮುಂದುವರಿಸಿತು. ಎಂ. ಚಿದಾನಂದಮೂರ್ತಿ ಅವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಪ್ರಕಟವಾಯಿತು. ರಾಜವಂಶಗಳ ಕಾಲನಿರ್ಣಯಕ್ಕಷ್ಟೇ ಬಳಕೆಯಾಗುತ್ತಿದ್ದ ಶಾಸನಗಳಿಂದ ಜನರ ಆಚಾರ, ನಂಬಿಕೆ, ಬದುಕನ್ನು ತಿಳಿಯಬಹುದೆಂದು ಅದು ತೋರಿಸಿಕೊಟ್ಟಿತು. ಅದೇ ವರ್ಷ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಆರಂಭವಾಯಿತು. 1969ರಲ್ಲಿ ಮೊದಲ ಸಂಪುಟ ಕಂಡ ಕನ್ನಡ ವಿಶ್ವಕೋಶವು 14 ಸಂಪುಟಗಳಾಗಿ ಪೂರ್ಣಗೊಂಡಿತು. 1969ರಲ್ಲಿಯೇ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದಲ್ಲಿ 2008ರಿಂದ ರಾಷ್ಟ್ರೀಯ ಅನುವಾದ ಮಿಷನ್ ಕೂಡ ನೆಲೆಗೊಂಡಿದೆ. ಉನ್ನತ ಶಿಕ್ಷಣದ ಜ್ಞಾನಗ್ರಂಥಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ತರುವುದು ಇದರ ಉದ್ದೇಶ.

ಇಲ್ಲಿನ ಹಳ್ಳಿಗಳೂ ವಿಶ್ವಖ್ಯಾತ ಗ್ರಂಥಗಳಿಗೆ ವಸ್ತುವಾಗಿವೆ. ಮೈಸೂರಿನಲ್ಲೇ ಜನಿಸಿದ ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಸಮೀಪದ ಹಳ್ಳಿಯೊಂದರಲ್ಲಿ ನೆಲೆಸಿ ಕ್ಷೇತ್ರಕಾರ್ಯ ನಡೆಸಿದರು. ಆ ಹಳ್ಳಿಗೆ ಅವರು ಕೊಟ್ಟ ಹೆಸರು 'ರಾಂಪುರ'. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಬೆಂಕಿ ಅನಾಹುತದಲ್ಲಿ ಅವರ ಟಿಪ್ಪಣಿಗಳ ಪ್ರತಿಗಳು ಸುಟ್ಟುಹೋದವು. ಬಹುಪಾಲು ನೆನಪಿನ ಬಲದಿಂದ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಪ್ರಕಟವಾಗಿ ಸಮಾಜಶಾಸ್ತ್ರದ ಪ್ರಮುಖ ಕೃತಿಯೆನಿಸಿತು. ಜನಜೀವನವನ್ನೇ ಆಕರವಾಗಿಸಿಕೊಂಡ ವಿದ್ವತ್ತಿಗೆ ಇದು ನಿದರ್ಶನ.

ಈಚಿನ ಕೃತಿಗಳು

ಕಳೆದ ಒಂದೂವರೆ ದಶಕದಲ್ಲಿ ಮೈಸೂರನ್ನು ಕುರಿತು ಹಲವು ಮಹತ್ವದ ಗ್ರಂಥಗಳು ಬಂದಿವೆ. ಜಾನಕಿ ನಾಯರ್ ಅವರ 'ಮೈಸೂರ್ ಮಾಡರ್ನ್' (2011) ಕೃತಿಯು 'ಮಾದರಿ ಸಂಸ್ಥಾನ' ಎಂಬ ಬಿರುದನ್ನು ಮರುಪರಿಶೀಲನೆಗೆ ಒಡ್ಡುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಹಾಗೂ ಜಗನ್ಮೋಹನ ಅರಮನೆಯ ಭಿತ್ತಿಚಿತ್ರಗಳನ್ನು ರಾಜಕೀಯ ಚರಿತ್ರೆಯ ದಾಖಲೆಗಳಾಗಿ ಓದುವ ಕ್ರಮ ಇದರ ವಿಶೇಷ. ಜಪಾನಿನ ವಿದ್ವಾಂಸೆ ಆಯಾ ಇಕೆಗಾಮೆ ಅವರು ಅರಮನೆ, ಮಠ, ಅರಸು ಮನೆತನಗಳು ಮತ್ತು ದೊರೆತನದ ಬಗೆಗಿನ ಜನರ ಭಾವನೆಯನ್ನು ಚಾರಿತ್ರಿಕ ಮಾನವಶಾಸ್ತ್ರದ ದೃಷ್ಟಿಯಿಂದ ಅಧ್ಯಯನ ಮಾಡಿದ್ದಾರೆ.

ಕ್ಯಾಲೆಬ್ ಸಿಮನ್ಸ್ ಅವರ 'ಡಿವೋಷನಲ್ ಸಾವರಿನಿಟಿ' (2020) ಟಿಪ್ಪು ಸುಲ್ತಾನ್ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರ್ ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿಟ್ಟು, ದೊರೆತನಕ್ಕೂ ಭಕ್ತಿಗೂ ಇದ್ದ ನಂಟನ್ನು ಶೋಧಿಸುತ್ತದೆ. ಗಿಲ್ ಬೆನ್-ಹೆರುಟ್ ಅವರ 'ಶಿವಾಸ್ ಸೇಂಟ್ಸ್' (2018) ಹರಿಹರನ ರಗಳೆಗಳ ಆಧಾರದಿಂದ ಕನ್ನಡನಾಡಿನ ಆರಂಭಿಕ ಶಿವಭಕ್ತಿಯನ್ನು ವಿವೇಚಿಸುತ್ತದೆ. ವಿಕ್ರಮ್ ಸಂಪತ್ ಅವರ ಟಿಪ್ಪು ಕುರಿತ ಬೃಹತ್ ಗ್ರಂಥ 2024ರಲ್ಲಿ ಬಿಡುಗಡೆಯಾಗಿದೆ. ಇವರೆಲ್ಲರ ನಿಲುವುಗಳು ಒಂದೇ ಅಲ್ಲ. ಒಂದನ್ನು ಓದಿದವರು ಮತ್ತೊಂದನ್ನೂ ಓದಿದಾಗ ಮಾತ್ರ ಚಿತ್ರ ಸ್ಪಷ್ಟವಾದೀತು.

ಏಕೆ ಮುಖ್ಯ?

2023ರಲ್ಲಿ ಉರಿಗೌಡ ಮತ್ತು ನಂಜೇಗೌಡ ಎಂಬಿಬ್ಬರು ಟಿಪ್ಪುವನ್ನು ಕೊಂದರೆಂಬ ಮಾತು ಚುನಾವಣೆಯ ಹೊಸ್ತಿಲಲ್ಲಿ ಭಾರಿ ವಿವಾದವಾಯಿತು. ಮಂಡ್ಯದಲ್ಲಿ ಅವರ ಹೆಸರಿನ ದ್ವಾರ ಎದ್ದಿತು, ಬಳಿಕ ತೆರವಾಯಿತು. ಇದಕ್ಕೆ ಸಮಕಾಲೀನ ದಾಖಲೆಗಳ ಆಧಾರವಿಲ್ಲವೆಂದು ಇತಿಹಾಸಕಾರರು ಆಕ್ಷೇಪಿಸಿದರು. 'ಆಧಾರವೇನು?' ಎಂದು ಕೇಳುವ ಅಭ್ಯಾಸವನ್ನು ನಾಗರಿಕರಲ್ಲಿ ಬೆಳೆಸುವುದೇ ವಿದ್ವತ್ ಗ್ರಂಥಗಳ ದೊಡ್ಡ ಪ್ರಯೋಜನ. ಆ ಪ್ರಶ್ನೆಗೆ ಬೆಲೆ ತೆರಬೇಕಾದ ಸಂದರ್ಭಗಳೂ ಇವೆ. 'ಮಾರ್ಗ' ಸಂಪುಟದ ಬರಹಗಳಿಗಾಗಿ ತೀವ್ರ ವಿರೋಧ ಎದುರಿಸಿದ್ದ ಎಂ.ಎಂ. ಕಲಬುರ್ಗಿ ಅವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಗುಂಡೇಟಿಗೆ ಬಲಿಯಾದರು.

ಓದುಗನಿಗೆ ಎದುರಾಗುವ ತೊಡಕು

ಮೇಲೆ ಹೆಸರಿಸಿದ ಈಚಿನ ಕೃತಿಗಳೆಲ್ಲ ಮೂಲತಃ ಇಂಗ್ಲಿಷಿನಲ್ಲಿವೆ. ವಿದೇಶಿ ವಿಶ್ವವಿದ್ಯಾಲಯಗಳ ಮುದ್ರಣಾಲಯಗಳು ಇಂಥ ಪುಸ್ತಕಗಳನ್ನು ಗ್ರಂಥಾಲಯಗಳಿಗೆಂದೇ ಕಡಿಮೆ ಪ್ರತಿಗಳಲ್ಲಿ ಅಚ್ಚುಹಾಕುವುದರಿಂದ ಬೆಲೆ ದುಬಾರಿ. ಕನ್ನಡದ ವಿದ್ವತ್ ಗ್ರಂಥಗಳ ಬೆಲೆ ಕೈಗೆಟುಕುವಂತಿದ್ದರೂ ಪ್ರತಿಗಳು ಮುಗಿದ ಮೇಲೆ ಮರುಮುದ್ರಣಕ್ಕೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ತನ್ನ ಊರಿನ ಚರಿತ್ರೆಯನ್ನು ತನ್ನ ಭಾಷೆಯಲ್ಲಿ ಓದಲಾಗದ ಸ್ಥಿತಿ ಕನ್ನಡಿಗನದ್ದಾಗಿದೆ.

ಇಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಪಾತ್ರ ಹಿರಿದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಸಂಗ್ರಹಿಸುತ್ತವೆ. ಅಂದರೆ ಹಿನಕಲ್‌ನಲ್ಲಿ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಪುಸ್ತಕಕ್ಕಾಗಿ ಈಗಾಗಲೇ ಹಣ ತೆತ್ತಿದ್ದಾರೆ. ಬೇಕಾದ ಗ್ರಂಥವನ್ನು ತರಿಸಿಕೊಡಿ ಎಂದು ಗ್ರಂಥಾಲಯದಲ್ಲಿ ಲಿಖಿತವಾಗಿ ಕೋರುವುದು ಉಪಕಾರ ಬೇಡಿದಂತಲ್ಲ.

ಹಳೆಯ ಗ್ರಂಥಗಳ ವಿಷಯದಲ್ಲಿ ಸ್ಥಿತಿ ಉತ್ತಮ. ಭಾರತದ ಕಾನೂನಿನಂತೆ ಲೇಖಕ ನಿಧನರಾಗಿ 60 ವರ್ಷ ಕಳೆದ ಬಳಿಕ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ರೈಸ್ 1927ರಲ್ಲಿ, ಶಾಮಶಾಸ್ತ್ರಿ 1944ರಲ್ಲಿ ನಿಧನರಾದರು. ಅವರ ಗ್ರಂಥಗಳ ಸ್ಕ್ಯಾನ್ ಪ್ರತಿಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ.

ಹೊಸ ಗ್ರಂಥವನ್ನು ಕೈಗೆತ್ತಿಕೊಂಡಾಗ ಮೊದಲು ಅದರ ಕೊನೆಯ ಪುಟಗಳನ್ನು ನೋಡುವುದು ಒಳ್ಳೆಯದು. ಲೇಖಕರು ಯಾವ ದಾಖಲೆಗಳನ್ನು, ಯಾವ ಭಾಷೆಗಳಲ್ಲಿ ಓದಿದ್ದಾರೆ, ಕನ್ನಡದ ಆಕರಗಳನ್ನು ಬಳಸಿದ್ದಾರೆಯೇ, ತಮಗೆ ವಿರುದ್ಧವಾದ ವಾದವನ್ನು ಪ್ರಾಮಾಣಿಕವಾಗಿ ಎತ್ತಿಕೊಂಡಿದ್ದಾರೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ರಟ್ಟಿನ ಮೇಲಿನ ಪ್ರಶಂಸೆಗಿಂತ ಇದು ಹೆಚ್ಚು ನಂಬಲರ್ಹ. ಅಂಥ ಗ್ರಂಥಗಳು ಬೇಗನೆ ಕನ್ನಡಕ್ಕೂ ಬರುವಂತಾದರೆ, ಓಲೆಗರಿಯಿಂದ ಜಗತ್ತಿನೆಡೆಗೆ ಸಾಗಿದ ಜ್ಞಾನ ಮರಳಿ ಹಿನಕಲ್‌ನ ಮನೆಗಳಿಗೂ ತಲುಪೀತು.