ಗರಡಿಯಿಂದ ರಣರಂಗಕ್ಕೆ

ಗರಡಿ ಮನೆ ಎಂದರೆ ಇಂದು ನಮಗೆ ದಸರಾ ಕುಸ್ತಿಯಷ್ಟೇ ನೆನಪಾಗುತ್ತದೆ. ಆದರೆ ಅಲ್ಲಿನ ಸಾಮು ಯುದ್ಧದ ಸಿದ್ಧತೆಯೂ ಆಗಿತ್ತು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸ ಬೆಳಕು ಹರಿಯುವ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸಿ, ಜಟ್ಟಿಯೊಡನೆ ಸೆಣಸಿ, ಆಮೇಲೆ ಕುದುರೆಯೇರಿ ಬಯಲಲ್ಲಿ ಓಡಿಸುತ್ತಿದ್ದ. ಭಾರ, ಕತ್ತಿ, ಕುಸ್ತಿ, ಕುದುರೆ: ಈ ಸಾಲೇ ರಣರಂಗದತ್ತ ಬೆರಳು ಮಾಡುತ್ತದೆ.

ಇದು ಅರಸನೊಬ್ಬನ ಅಭ್ಯಾಸ, ಕುಸ್ತಿಯಂತೂ ಬರಿಯ ಮನರಂಜನೆ ಎಂದು ಯಾರಾದರೂ ಆಕ್ಷೇಪಿಸಬಹುದು. 12ನೇ ಶತಮಾನದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಮಲ್ಲವಿದ್ಯೆಯನ್ನು ವಿನೋದಗಳ ಸಾಲಿನಲ್ಲಿಟ್ಟಿರುವುದು ನಿಜ. ಆದರೆ ಶಸ್ತ್ರಪ್ರಯೋಗವೂ ಅದೇ ಸಾಲಿನಲ್ಲಿದೆ. ಅಂದಿನವರಿಗೆ ವಿನೋದ ಮತ್ತು ಯುದ್ಧದ ನಡುವೆ ಗೋಡೆಯಿರಲಿಲ್ಲ. ಮಲ್ಲರ ಆಹಾರ, ವ್ಯಾಯಾಮಗಳನ್ನೂ ಆ ಗ್ರಂಥ ವಿವರಿಸುತ್ತದೆ. ಇಂದು ಸೇನಾ ಭರ್ತಿಗೆ 1.6 ಕಿ.ಮೀ. ಓಡಬೇಕು, ಕಂಬಿ ಹಿಡಿದು ಮೈ ಎತ್ತಬೇಕು. ಅಳತೆಗೋಲು ಬದಲಾಗಿದೆ, ನಿಜ. ಆದರೆ ಆಯುಧಕ್ಕಿಂತ ಮೊದಲು ದೇಹ ಹದಗೊಳ್ಳಬೇಕು ಎಂಬ ಗರಡಿಯ ಪಾಠ ಹಾಗೆಯೇ ಉಳಿದಿದೆ.