ಅರಿಷಿಣ

ಶುಂಠಿಯ ಕುಟುಂಬಕ್ಕೆ ಸೇರಿದ, ಕರ್ಕ್ಯುಮಾ ಲಾಂಗಾ ಎಂಬ ಶಾಸ್ತ್ರೀಯ ನಾಮವುಳ್ಳ ಸಸ್ಯದ ಗುಪ್ತಕಾಂಡ, ಸಂಸ್ಕೃತದಲ್ಲಿ ಹರಿದ್ರಾ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ತೇರದಾಳ ಮುಂತಾದ ನೀರಾವರಿ ಪ್ರದೇಶಗಳಲ್ಲಿ ಇದರ ಬೆಳೆಯುಂಟು. ಅಗೆದ ಗೆಡ್ಡೆಗಳನ್ನು ಕುದಿಸಿ, ಬಿಸಿಲಿನಲ್ಲಿ ಒಣಗಿಸಿ, ಉಜ್ಜಿ ಹೊಳಪೇರಿಸಿದ ಮೇಲೆ ಅವು ಕೊಂಬುಗಳೆನಿಸಿ ಪೇಟೆಯನ್ನು ಸೇರುವುವು. ಬಾದಾಮಿ, ಹುನಗುಂದ, ಇಳಕಲ್ಲುಗಳ ಗೃಹಗಳಲ್ಲಿ ಇದು ಬ್ಯಾಳಿ, ಪಲ್ಯ, ಚಿತ್ರಾನ್ನಗಳಿಗೆ ವರ್ಣವನ್ನೂ ಪರಿಮಳವನ್ನೂ ಕೊಡುವುದಲ್ಲದೆ, ಮದುವೆಯ ಅರಿಷಿಣ ಹಚ್ಚುವ ಶಾಸ್ತ್ರದಲ್ಲಿಯೂ ಬನಶಂಕರಿಯ ಪೂಜೆಯಲ್ಲಿಯೂ ಮಂಗಳದ್ರವ್ಯವಾಗಿ ಸಲ್ಲುತ್ತದೆ. ಗಾಯ ಮಾಯಿಸುವ ಇದರ ಬಳಕೆಗೆ 1995ರಲ್ಲಿ ಅಮೆರಿಕೆಯಲ್ಲಿ ದೊರೆತಿದ್ದ ಪೇಟೆಂಟು, ಅದು ಭಾರತದ ಪುರಾತನ ಜ್ಞಾನವೆಂದು ಭಾರತೀಯ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಸಾಧಿಸಿದ್ದರಿಂದ 1997ರಲ್ಲಿ ರದ್ದಾಯಿತು.

ಹಳದಿ ಬಣ್ಣಕ್ಕೆ ಮುಖ್ಯ ಕಾರಣವಾದ ಕರ್ಕ್ಯುಮಿನ್ ಒಣಕೊಂಬಿನಲ್ಲಿ ಸಾಮಾನ್ಯವಾಗಿ ಶೇ. 2ರಿಂದ 5ರಷ್ಟಿದ್ದು, ದೇಹವು ಅದನ್ನು ಅಲ್ಪವಾಗಿ ಮಾತ್ರ ಹೀರಿಕೊಳ್ಳುತ್ತದೆ. ಅಡುಗೆಯ ಪ್ರಮಾಣದಲ್ಲಿ ಇದು ನಿರಪಾಯಕರ. ಆದರೆ ಸಾಂದ್ರೀಕೃತ ಗುಳಿಗೆಗಳಿಂದ ಕೆಲವರಲ್ಲಿ ಯಕೃತ್ತಿಗೆ ಹಾನಿಯುಂಟಾಗಿದೆ; ಪಿತ್ತಕೋಶದ ಕಲ್ಲುಳ್ಳವರೂ ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರೂ ವೈದ್ಯರನ್ನು ಕೇಳದೆ ಅವನ್ನು ಸೇವಿಸಬಾರದು. ಪುಡಿಯಲ್ಲಿ ಮೆಟಾನಿಲ್ ಯೆಲ್ಲೋ ಬಣ್ಣವನ್ನೂ, ಮಕ್ಕಳ ಮೆದುಳಿಗೆ ಮಾರಕವಾದ ಸೀಸದ ಕ್ರೋಮೇಟನ್ನೂ ಬೆರೆಸುವ ವಂಚನೆ ಕಂಡುಬಂದಿದೆ. ಸೀಸದ ಬಣ್ಣವನ್ನು ಕೊಂಬಿಗೂ ಸವರುವುದುಂಟಾದ್ದರಿಂದ, ಅತಿಯಾಗಿ ಹೊಳೆಯುವ ಕೊಂಬನ್ನು ಬಿಟ್ಟು, ಮಾಸಲು ಬಣ್ಣದ ಕೊಂಬನ್ನೇ ಕೊಂಡು ಮನೆಯಲ್ಲಿ ಪುಡಿಮಾಡಿಕೊಳ್ಳುವುದು ಉತ್ತಮ.